ಗುಡ್ಡೆ ಸರಕಾರದ್ದು, ನಡೆಯುವ ಹಕ್ಕು ಯಾರದ್ದು?

ಮಂಜೇಶ್ವರ ತಾಲೂಕಿನ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕ್ರೆ ಜಮೀನಿನಲ್ಲಿ 50 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವೊಂದು 2021ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಅಂಥ ಸ್ಥಾವರಕ್ಕೆ ಸುತ್ತ ಬೇಲಿ ಬೇಕೇ ಬೇಕು, ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಸ್ಥಾವರ ಬೇಕಿತ್ತೇ ಬೇಡವಾಗಿತ್ತೇ ಎಂಬುದೂ ಈ ಲೇಖನದ ವಿಷಯವಲ್ಲ. ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಹಿಂದಿನದು. ಕಾಸರಗೋಡು ಜಿಲ್ಲೆಯ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡೆಗಳಲ್ಲಿಯೂ ಪದವು ಎಂದು ಕರೆಯುವ ಗುಡ್ಡೆಯ ಮೇಲಿನ ಬಯಲುಗಳಲ್ಲಿಯೂ ಊರಿನವರು ದನ ಮೇಯಿಸುತ್ತ, ಸೊಪ್ಪು ಕಡಿಯುತ್ತ, ಮುಳಿಹುಲ್ಲು ಕೊಯ್ಯುತ್ತ, ಶಾಲೆಗೋ ದೇವಸ್ಥಾನಕ್ಕೋ ಸಂಬಂಧಿಕರ ಮನೆಗೋ ಅಡ್ಡ ಹಾಯುತ್ತ ತಲೆಮಾರುಗಳಿಂದ ನಡೆದಾಡಿಕೊಂಡು ಬಂದದ್ದು ಯಾವ ಹಕ್ಕಿನ ಬಲದಿಂದ? ನಿಜವಾಗಿ ಹಕ್ಕೆಂಬುದು ಇತ್ತೇ, ಅಥವಾ ತಡೆಯುವವರು ಯಾರೂ ಇಲ್ಲದ ಕಾರಣ ಅದು ಹಕ್ಕಿನಂತೆ ತೋರಿತೇ?

ಉತ್ತರಕ್ಕೆ ಮೊದಲು, ಮಾತಿನಲ್ಲಿ ನಾವು ಸದಾ ಕಲಸಿಬಿಡುವ ಮೂರು ಸಂಗತಿಗಳನ್ನು ಬಿಡಿಸಿಕೊಳ್ಳಬೇಕು. ಜಮೀನು ಯಾರ ಹೆಸರಿನಲ್ಲಿದೆ ಎಂಬುದು ಒಂದು. ಆ ಜಮೀನಿನಿಂದ ಹುಲ್ಲು, ಸೌದೆ, ಸೊಪ್ಪು ಮೊದಲಾದುವನ್ನು ತೆಗೆದುಕೊಳ್ಳುವ ಹಕ್ಕು ಯಾರಿಗಿದೆ ಎಂಬುದು ಎರಡನೆಯದು. ಏನನ್ನೂ ತೆಗೆದುಕೊಳ್ಳದೆ ಅದರ ಮೇಲೆ ಸುಮ್ಮನೆ ನಡೆಯುವ ಹಕ್ಕು ಯಾರಿಗಿದೆ ಎಂಬುದು ಮೂರನೆಯದು. ಈ ಮೂರನ್ನೂ ಕಾನೂನಿನಲ್ಲಿ ಬೇರೆಬೇರೆಯಾಗಿಯೇ ಬಿಡಿಸಿ ಬರೆದಿಟ್ಟ ದೇಶ ಇಂಗ್ಲೆಂಡ್ ಆದುದರಿಂದ, ನಮ್ಮ ಗುಡ್ಡೆಯನ್ನು ಅರ್ಥಮಾಡಿಕೊಳ್ಳಲು ಅಲ್ಲಿಗೊಮ್ಮೆ ಹೋಗಿಬರುವುದು ಉಪಯುಕ್ತ.

ಇಂಗ್ಲೆಂಡಿನಲ್ಲಿ ‘ಕಾಮನ್’ ಎಂದು ಕರೆಯುವ ಬಯಲುಗಳು ಎಲ್ಲರ ಸೊತ್ತು ಎಂದು ಹೊರಗಿನವರು ಭಾವಿಸುವುದುಂಟು. ಅದು ಸರಿಯಲ್ಲ. ಪ್ರತಿಯೊಂದು ಕಾಮನ್‌ಗೂ ಒಬ್ಬ ಧಣಿ ಇದ್ದೇ ಇರುತ್ತಾನೆ. ಹಿಂದೆ ಊರ ಜಮೀನುದಾರ, ಈಗ ಕೆಲವೆಡೆ ಸ್ಥಳೀಯ ಸಂಸ್ಥೆ ಅಥವಾ ಟ್ರಸ್ಟ್. ಸುತ್ತಲಿನ ಕೆಲವು ಮನೆತನಗಳಿಗೆ ಮಾತ್ರ ಆ ನೆಲದಿಂದ ನಿರ್ದಿಷ್ಟ ವಸ್ತುಗಳನ್ನು ಪಡೆಯುವ ಹಕ್ಕಿತ್ತು: ಇಷ್ಟು ದನ ಅಥವಾ ಕುರಿ ಮೇಯಿಸುವುದು, ಒಲೆಗೆ ಸೌದೆ ತರುವುದು, ಜವುಗು ನೆಲದಿಂದ ಉರುವಲಿಗೆ ಮಣ್ಣುಗಡ್ಡೆ ಅಗೆಯುವುದು, ಮರದಡಿ ಬಿದ್ದ ಕಾಯಿಗಳನ್ನು ತಿನ್ನಲು ಹಂದಿಗಳನ್ನು ಬಿಡುವುದು. ಈ ಹಕ್ಕುದಾರರ ಪಟ್ಟಿಯಲ್ಲಿ ಇಲ್ಲದವನು, ದಾರಿಹೋಕನೋ ಪೇಟೆಯ ಕೂಲಿಯವನೋ, ಆ ಬಯಲಿಗೆ ಕಾಲಿಟ್ಟರೆ ಕಾನೂನಿನ ಕಣ್ಣಿನಲ್ಲಿ ಅತಿಕ್ರಮಿಯೇ ಆಗಿದ್ದ.

ಆ ಹಕ್ಕುಗಳೂ ಉಳಿಯಲಿಲ್ಲ. 1604ರಿಂದ 1914ರ ನಡುವೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಶಾಸನಗಳ ಮೂಲಕ ಸುಮಾರು 68 ಲಕ್ಷ ಎಕ್ರೆ ಭೂಮಿಗೆ ಬೇಲಿ ಹಾಕಿಸಿ ಖಾಸಗಿಯವರಿಗೆ ಹಂಚಿತು; ಇದು ಇಂಗ್ಲೆಂಡಿನ ಒಟ್ಟು ವಿಸ್ತೀರ್ಣದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು. ಉಳಿದ ಕಾಮನ್‌ಗಳ ಪ್ರಮಾಣ ಇಂದು ಶೇ. 3ರಷ್ಟು. ಕೈಗಾರಿಕಾ ಪಟ್ಟಣಗಳ ಕಾರ್ಮಿಕರಿಗೆ ವಾರಕ್ಕೊಮ್ಮೆ ಉಸಿರಾಡಲು ಬಯಲೇ ಇಲ್ಲವೆಂದಾದಾಗ ನಡೆಯುವ ಹಕ್ಕಿನ ಬೇಡಿಕೆ ಹುಟ್ಟಿತು. 1925ರ ಆಸ್ತಿ ಕಾನೂನು ನಗರ ಪ್ರದೇಶಗಳ ಕಾಮನ್‌ಗಳಲ್ಲಿ ಗಾಳಿ ಸೇವನೆಗೂ ವ್ಯಾಯಾಮಕ್ಕೂ ಜನರಿಗೆ ಪ್ರವೇಶ ಕೊಟ್ಟಿತು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ತರುಣನ ಮುಂದಾಳುತನದಲ್ಲಿ ನೂರಾರು ಮಂದಿ ಡರ್ಬಿಶೈರಿನ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ, ಶ್ರೀಮಂತರ ಹಕ್ಕಿಬೇಟೆಗೆಂದು ಕಾದಿರಿಸಿದ್ದ ಬಯಲಿಗೆ, ಬೇಕೆಂದೇ ನುಗ್ಗಿ ನಡೆದರು. ಐವರಿಗೆ ಸೆರೆಯಾಯಿತು. ಆದರೆ ಶಿಕ್ಷೆಯಾದದ್ದು ಅತಿಕ್ರಮ ಪ್ರವೇಶಕ್ಕಲ್ಲ, ಕಾವಲುಗಾರರೊಡನೆ ನಡೆದ ಘರ್ಷಣೆಗೆ. ಏಕೆಂದರೆ ಬರಿದೇ ಕಾಲಿಡುವುದು ಅಲ್ಲಿ ಸಿವಿಲ್ ತಪ್ಪೇ ಹೊರತು ಅಪರಾಧವಲ್ಲ. ನಮ್ಮಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಎಂಬುದನ್ನು ಮುಂದೆ ನೋಡೋಣ.

ಕಿಂಡರ್ ಸ್ಕೌಟ್‌ನಿಂದ ಕಾನೂನಿಗೆ 68 ವರ್ಷ ಹಿಡಿಯಿತು. 2000ದ ಗ್ರಾಮೀಣ ಪ್ರದೇಶ ಮತ್ತು ದಾರಿಹಕ್ಕುಗಳ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಟ್ಟ, ಪಾಳು ಬಯಲು, ಕುರುಚಲು ಭೂಮಿ, ಸುಣ್ಣಕಲ್ಲಿನ ಹುಲ್ಲುಗುಡ್ಡಗಳು ಹಾಗೂ ದಾಖಲಾದ ಕಾಮನ್‌ಗಳಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಎಲ್ಲಿ ಬೇಕಾದರೂ ತಿರುಗಾಡಬಹುದು ಎಂದು ಸಾರಿತು. ಇದರಿಂದ ತೆರೆದದ್ದು ಇಂಗ್ಲೆಂಡಿನ ಸುಮಾರು ಶೇ. 8ರಷ್ಟು ನೆಲ ಮಾತ್ರ. ಹಕ್ಕಿನ ಜೊತೆಗೆ ಬಂದ ಷರತ್ತುಗಳ ಪಟ್ಟಿಯೇ ನನಗೆ ಹಕ್ಕಿಗಿಂತ ಹೆಚ್ಚು ಕುತೂಹಲಕರವಾಗಿ ಕಾಣುತ್ತದೆ. ಸೈಕಲ್ಲು, ಕುದುರೆ, ಡೇರೆ ಯಾವುದಕ್ಕೂ ಅನುಮತಿಯಿಲ್ಲ. ಮನೆಯಿಂದ 20 ಮೀಟರ್ ಒಳಗಿನ ನೆಲ, ಹಿಂದಿನ 12 ತಿಂಗಳಲ್ಲಿ ಉತ್ತು ಬಿತ್ತಿದ ಹೊಲ, ಕಲ್ಲುಕೋರೆ, ರೈಲುಹಳಿ, ಗಾಲ್ಫ್ ಮೈದಾನ ಇವೆಲ್ಲ ಹೊರಗೆ. ಮಾರ್ಚ್ 1ರಿಂದ ಜುಲೈ 31ರವರೆಗೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲದಲ್ಲಿ, ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದುಕೊಂಡೇ ಹೋಗಬೇಕು. ಧಣಿ ವರ್ಷಕ್ಕೆ 28 ದಿನಗಳವರೆಗೆ ಪ್ರವೇಶವನ್ನು ನಿಲ್ಲಿಸಬಹುದು. ನಿಯಮ ಮುರಿದವನು ಆ ಜಮೀನಿನಿಂದ ಹೊರಬಿದ್ದ ಮೇಲೆ 72 ಗಂಟೆಗಳ ಕಾಲ ಅಲ್ಲಿ ತನ್ನ ಹಕ್ಕನ್ನು ಚಲಾಯಿಸುವಂತಿಲ್ಲ. ಹೊಂಡಕ್ಕೆ ಬಿದ್ದೋ ಬಂಡೆಯಿಂದ ಜಾರಿಯೋ ಪೆಟ್ಟಾದರೆ, ಆ ಹೊಂಡ ಬಂಡೆಗಳು ಪ್ರಕೃತಿ ಸಹಜವಾದವಾಗಿದ್ದಲ್ಲಿ, ಧಣಿಯ ಮೇಲೆ ಪರಿಹಾರದ ಹೊಣೆ ಬೀಳುವುದಿಲ್ಲ. ಈ ಒಂದು ಮಾತಿಲ್ಲದಿದ್ದರೆ ಭೂಮಾಲಿಕರ ವಿರೋಧ ಇನ್ನೆಷ್ಟು ಬಲವಾಗಿರುತ್ತಿತ್ತೋ ಊಹಿಸಬಹುದು.

ಹಕ್ಕನ್ನು ಬಳಕೆಗೆ ತಂದದ್ದು ನಕ್ಷೆ. ಕರಡು, ತಾತ್ಕಾಲಿಕ, ಅಂತಿಮ ಎಂಬ ಮೂರು ಹಂತಗಳಲ್ಲಿ ಇಂಗ್ಲೆಂಡಿನ ಬಯಲುಗಳ ನಕ್ಷೆ ಮಾಡಿ, ಮೊದಲು ಜನರ ಅಭಿಪ್ರಾಯ ಕೇಳಿ, ಆಮೇಲೆ ಧಣಿಗಳ ಮೇಲ್ಮನವಿ ಆಲಿಸಿ, 2004ರಿಂದ 2005ರ ಅಕ್ಟೋಬರ್ ಕೊನೆಯವರೆಗೆ ಪ್ರದೇಶವಾರು ಹಕ್ಕು ಜಾರಿಯಾಯಿತು. ನಡೆಯುವವರೂ ಭೂಮಾಲಿಕರೂ ಒಟ್ಟಿಗೆ ಕುಳಿತು ಸಲಹೆ ಕೊಡುವ ಸ್ಥಳೀಯ ವೇದಿಕೆಗಳನ್ನು ಅದೇ ಕಾಯ್ದೆ ಹುಟ್ಟುಹಾಕಿತು. ಇಷ್ಟಾದರೂ ತಕರಾರು ಮುಗಿಯಲಿಲ್ಲ. ಡಾರ್ಟ್‌ಮೂರ್ ಎಂಬ ಪ್ರದೇಶದಲ್ಲಿ 1985ರ ಪ್ರತ್ಯೇಕ ಕಾಯ್ದೆಯ ಪ್ರಕಾರ ರಾತ್ರಿ ಡೇರೆ ಹಾಕಿ ತಂಗುವುದು ಕೂಡ ತೆರೆದ ಬಯಲಿನ ವಿಹಾರದಲ್ಲಿ ಸೇರುತ್ತದೆಯೇ ಎಂಬ ಪ್ರಶ್ನೆ ಹೈಕೋರ್ಟಿನಲ್ಲಿ ಜನರ ವಿರುದ್ಧವಾಗಿಯೂ ಮೇಲ್ಮನವಿಯಲ್ಲಿ ಜನರ ಪರವಾಗಿಯೂ ತೀರ್ಮಾನವಾಗಿ, 2025ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸೇರುತ್ತದೆ ಎಂದು ಹೇಳಿದ ಮೇಲೆಯೇ ಇತ್ಯರ್ಥವಾದದ್ದು.

ಸ್ಕಾಟ್ಲೆಂಡಿನ ದಾರಿ ಬೇರೆ. 2003ರ ಭೂಸುಧಾರಣಾ ಕಾಯ್ದೆ ಅಲ್ಲಿ ಬಹುತೇಕ ಎಲ್ಲ ನೆಲ ಮತ್ತು ಒಳನಾಡಿನ ನೀರಿಗೆ, ಸೈಕಲ್ಲು ಕುದುರೆ ಡೇರೆಗಳೂ ಸೇರಿದಂತೆ, ಜವಾಬ್ದಾರಿಯಿಂದ ವರ್ತಿಸುವವರೆಗೆ ಪ್ರವೇಶ ಕೊಟ್ಟಿದೆ. ನಾರ್ವೆ 1957ರ ಕಾಯ್ದೆಯಲ್ಲಿ ಸಾಗುವಳಿಯ ನೆಲ, ಸಾಗುವಳಿಯಾಗದ ಹೊರನೆಲ ಎಂದು ಎರಡಾಗಿ ವಿಂಗಡಿಸಿ ಹೊರನೆಲವನ್ನು ಎಲ್ಲರಿಗೂ ಬಿಟ್ಟಿತು. ಸ್ವೀಡನ್ನಿನಲ್ಲಿ ಅದು ವಾಡಿಕೆಯಾಗಿಯೇ ಬೆಳೆದು, ಸಂವಿಧಾನದಲ್ಲಿ ಒಂದು ಸಾಲಿನ ಉಲ್ಲೇಖ ಪಡೆದಿದೆ. ಯಾವ ದೇಶದಲ್ಲಿಯೂ ನಡೆಯುವ ಹಕ್ಕಿಗಾಗಿ ಧಣಿಯ ಒಡೆತನವನ್ನು ಕಿತ್ತುಕೊಳ್ಳಲಿಲ್ಲ. ಒಡೆತನದ ಒಂದು ಎಳೆಯನ್ನು, ‘ಬೇಡ, ಹೋಗು’ ಎನ್ನುವ ಅಧಿಕಾರವನ್ನು, ಮಾತ್ರ ಮೊಟಕುಗೊಳಿಸಿದರು.

ಈಗ ನಮ್ಮ ಗುಡ್ಡೆಗೆ ಬರೋಣ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು ಎಂಬುದನ್ನು ನಾವು ಸಾಮಾನ್ಯವಾಗಿ ಭಾಷೆಯ ಸಂದರ್ಭದಲ್ಲಿ ನೆನೆಯುತ್ತೇವೆ. ಜಮೀನಿನ ಸಂದರ್ಭದಲ್ಲಿ ಅದರ ಪರಿಣಾಮ ಇನ್ನೂ ಆಳವಾದದ್ದು. ದಕ್ಷಿಣದ ಮಲಬಾರಿನಲ್ಲಿ ಕಾಡು, ಗುಡ್ಡ, ಪಾಳುಗಳೆಲ್ಲವೂ ಜನ್ಮಿಗಳೆಂಬ ಭೂಮಾಲಿಕರ ಖಾಸಗಿ ಸೊತ್ತು ಎಂಬ ನಂಬಿಕೆಯನ್ನು ಬ್ರಿಟಿಷರು ಒಪ್ಪಿಕೊಂಡರು. ದಕ್ಷಿಣ ಕನ್ನಡದಲ್ಲಿ ಹಾಗಾಗಲಿಲ್ಲ. ವರ್ಗದ, ಅಂದರೆ ಒಬ್ಬನ ಹೆಸರಿನಲ್ಲಿ ಕಂದಾಯಕ್ಕೆ ದಾಖಲಾದ ಹಿಡುವಳಿಯ, ಎಲ್ಲೆಯಿಂದ ಆಚೆಗಿನ ಗುಡ್ಡೆ ಸರಕಾರದ್ದು ಎಂಬ ನಿಲುವನ್ನು ಕಂದಾಯ ಇಲಾಖೆ ಹಿಡಿಯಿತು. ಅಡಿಕೆ ತೋಟಕ್ಕೂ ಗದ್ದೆಗೂ ಗುಡ್ಡೆಯ ಸೊಪ್ಪಿಲ್ಲದೆ ಬೇಸಾಯವೇ ನಡೆಯದ ಊರಿನಲ್ಲಿ ಈ ನಿಲುವನ್ನು ಇದ್ದಂತೆ ಜಾರಿಮಾಡಲು ಸಾಧ್ಯವಿರಲಿಲ್ಲ. ಆದುದರಿಂದ ಕುಮ್ಕಿ ಎಂಬ ಸವಲತ್ತು ದಾಖಲೆಗಳಲ್ಲಿ ನೆಲೆಗೊಂಡಿತು: ಹಳೆಯ, ಅಂದರೆ ಖದೀಂ, ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ಗುಡ್ಡೆಯಲ್ಲಿ ಆ ವರ್ಗದಾರನು ಸೊಪ್ಪು, ಸೌದೆ, ಕೃಷಿ ಮತ್ತು ಮನೆ ಬಳಕೆಯ ಮರ ಪಡೆಯಬಹುದು, ದನ ಮೇಯಿಸಬಹುದು. ಗಡಿಯಾಚೆ ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ನಿನಲ್ಲಿ ಕುಮ್ಕಿ, ಬಾಣೆ, ಕಾನ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಇಂಗ್ಲೆಂಡಿನ ಮೇವು ಸೌದೆಯ ಹಕ್ಕಿಗೂ ನಮ್ಮ ಕುಮ್ಕಿಗೂ ಇರುವ ಹೋಲಿಕೆ ಓದುಗರಿಗೆ ಈಗಾಗಲೇ ಹೊಳೆದಿರಬೇಕು. ವ್ಯತ್ಯಾಸವೂ ಇದೆ: ಅಲ್ಲಿ ಅದು ಕೋರ್ಟಿನಲ್ಲಿ ಸಾಧಿಸಬಹುದಾದ ಸೊತ್ತಿನ ಹಕ್ಕು, ಇಲ್ಲಿ ಸರಕಾರ ಕೊಟ್ಟ ಸವಲತ್ತು. ಇನ್ನೊಂದು ವಿಷಯವನ್ನೂ ಮರೆಯಬಾರದು. ಕುಮ್ಕಿ ಸಿಗುತ್ತಿದ್ದದ್ದು ವರ್ಗದಾರನಿಗೆ. ಗೇಣಿಯ ಒಕ್ಕಲು ಅವನ ಮೂಲಕ ಸೊಪ್ಪು ತಂದ. ಬುಟ್ಟಿ ಹೆಣೆಯಲು ಕಾಡಿನ ಬೀಳು ತರುವ ಕೊರಗರಿಗೆ, ಭೂಮಿಯೇ ಇಲ್ಲದ ಕೂಲಿಯವರಿಗೆ, ಗುಡ್ಡೆಯ ಮೇಲೆ ಕಾಗದದ ಹಕ್ಕು ಯಾವುದೂ ಇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅಂಥ ಸಮುದಾಯಗಳಿಗೆ ಮೇವು, ಕಿರು ಅರಣ್ಯ ಉತ್ಪನ್ನಗಳ ಹಕ್ಕನ್ನು ಕೊಡುತ್ತದೆಯಾದರೂ ಅದು ಅನ್ವಯಿಸುವುದು ಅರಣ್ಯ ಭೂಮಿಗೆ. ಕಂದಾಯ ಇಲಾಖೆಯ ಬೋಳು ಮುರಕಲ್ಲಿನ ಪದವಿಗೆ ಅದು ತಲುಪುವುದಿಲ್ಲ.

ಗುಡ್ಡೆ ಹಿಂದೆ ಎಲ್ಲರದಾಗಿತ್ತು ಎಂದು ಹಂಬಲಿಸಿ ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಅಸಮಾಧಾನವಾಗುತ್ತದೆ. ನಡೆಯುವ ಹಕ್ಕಿಗಾಗಿ ನಮ್ಮ ಕಡೆ ನಡೆದ ಮೊದಲ ಹೋರಾಟಗಳು ವಿಹಾರಕ್ಕಾಗಿ ನಡೆದವಲ್ಲ, ಜಾತಿಯ ಕಾರಣಕ್ಕೆ ನಡೆದವು. ತಿರುವಿದಾಂಕೂರಿನ ವೈಕಂನಲ್ಲಿ 1924–25ರಲ್ಲಿ ನಡೆದ ಸತ್ಯಾಗ್ರಹ ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯುವುದಕ್ಕಾಗಿ. ನಮ್ಮ ಜಿಲ್ಲೆಯ ತೆಂಕಣ ಗಡಿಗೆ ಹತ್ತಿರದ ಪಯ್ಯನ್ನೂರಿನ ಕಂಡೋತ್ತಿನಲ್ಲಿ 1931ರಲ್ಲಿ, ದೇವಸ್ಥಾನದ ಬಳಿಯ ದಾರಿಯಲ್ಲಿ ದಲಿತರೊಡನೆ ಮೆರವಣಿಗೆ ಹೋದ ಎ.ಕೆ. ಗೋಪಾಲನ್ ಮತ್ತು ಕೆ.ಎ. ಕೇರಳೀಯನ್ ಪೆಟ್ಟು ತಿಂದರು. ಆ ಚರಿತ್ರೆಯ ಫಲವಾಗಿಯೇ ಸಂವಿಧಾನದ 15ನೇ ವಿಧಿಯಲ್ಲಿ ರಸ್ತೆ, ಬಾವಿ, ಕೆರೆಗಳ ಮಾತು ಬಂದಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, ಸಾರ್ವಜನಿಕ ಸ್ಥಳಕ್ಕೆ ಹೋಗುವ ವಾಡಿಕೆಯ ದಾರಿಯ ಹಕ್ಕನ್ನು ಅವರಿಗೆ ನಿರಾಕರಿಸುವುದನ್ನು ಅಪರಾಧವೆಂದು ಹೇಳುತ್ತದೆ. ಕಾಲುದಾರಿಯ ವಿಚಾರದಲ್ಲಿ ಭಾರತದ ಶಾಸನಗಳು ಅಷ್ಟು ಖಡಾಖಂಡಿತವಾಗಿ ಮಾತಾಡಿದ ಎಡೆಗಳು ಹೆಚ್ಚಿಲ್ಲ.

ಇನ್ನು ಇಂದಿನ ಕಂದಾಯ ದಾಖಲೆ. ಸರಕಾರಿ ಜಮೀನನ್ನೆಲ್ಲ ನಾವು ಪುರಂಬೋಕು ಎಂದು ಒಟ್ಟಿಗೆ ಕರೆಯುತ್ತೇವೆ. ಕಚೇರಿಯಲ್ಲಿ ಹಾಗಲ್ಲ. ತೋಡು (ಹಳ್ಳ), ದಾರಿ, ಶ್ಮಶಾನ, ಮೇವು ಹೀಗೆ ಒಂದು ಸಾರ್ವಜನಿಕ ಉದ್ದೇಶಕ್ಕೆ ತೆಗೆದಿಟ್ಟ ನೆಲ ಪುರಂಬೋಕು. ಯಾವ ಉದ್ದೇಶಕ್ಕೂ ಮೀಸಲಾಗದೆ ಸರಕಾರದ ಹೆಸರಿನಲ್ಲಿ ಸುಮ್ಮನಿರುವ ಪಾಳು ತರಿಸು. ದಾರಿ ಮತ್ತು ತೋಡುಗಳ ಪುರಂಬೋಕನ್ನು ಸುಲಭವಾಗಿ ಯಾರಿಗೂ ಕೊಡಲಾಗದು. ತರಿಸು ಜಮೀನನ್ನಾದರೋ 1960ರ ಭೂಮಿ ಮಂಜೂರಾತಿ ಕಾಯ್ದೆ ಮತ್ತು 1964ರ ನಿಯಮಗಳಡಿ ಭೂಹೀನರಿಗೆ ಪಟ್ಟೆ ಮಾಡಿ ಕೊಡಬಹುದು, ಸಂಸ್ಥೆಗಳಿಗೆ ಗುತ್ತಿಗೆ ಕೊಡಬಹುದು. ಬಡವನಿಗೆ ಮನೆಯಡಿ ಸಿಗುವುದಾದರೆ ಅದನ್ನು ಯಾರೂ ವಿರೋಧಿಸಲಾರರು. ಆದರೆ ಊರಿನವರು ಸಾರ್ವಜನಿಕ ಬಯಲೆಂದು ತಿಳಿದ ಪದವು ದಾಖಲೆಯಲ್ಲಿ ಬರಿಯ ತರಿಸಾಗಿದ್ದರೆ, ಅಲ್ಲಿ ನಡೆಯುವುದು, ಮೇಯಿಸುವುದು, ಆಡುವುದು ಯಾವುದೂ ಆ ಜಮೀನಿನ ‘ಉಪಯೋಗ’ವಾಗಿ ಬರೆಯಲ್ಪಟ್ಟಿರುವುದಿಲ್ಲ. ಕಾಗದದ ಮಟ್ಟಿಗೆ ಅದು ಖಾಲಿ ಜಾಗ. ಕರ್ನಾಟಕದಲ್ಲಿ ಗೋಮಾಳಕ್ಕೆ 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಒಂದು ಲೆಕ್ಕವಾದರೂ ನಿಯಮದಲ್ಲಿದೆ. ಅದು ಕೂಡ ದನಗಳಿಗೆ. ಮನುಷ್ಯನ ನಡಿಗೆಗೆ ಅಂಥ ಲೆಕ್ಕ ಎಲ್ಲಿಯೂ ಇಲ್ಲ.

ಆ ಖಾಲಿ ಜಾಗದಲ್ಲಿ ಏನಿರುತ್ತದೆ ಎಂದು ನೋಡಬೇಕಾದರೆ ತುಳುವರ ಆಟಿ ತಿಂಗಳು ಕಳೆದು ಸೋಣ ತಿಂಗಳು ಕಾಲಿಡುವ ಹೊತ್ತಿನಲ್ಲಿ ಹೋಗಬೇಕು. ಅಡಿಕೆ ತೋಟದ ಬದಿಯ ತೋಡನ್ನು ಅಡಿಕೆ ಮರದ ಸಂಕದಲ್ಲಿ ದಾಟಿ, ಎರಡೂ ಕಡೆ ಆಳೆತ್ತರದ ಬರೆಯಿರುವ ಓಣಿಯಲ್ಲಿ ಹತ್ತಿದರೆ, ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳು ಕಾಲುಗಳ ಸವೆತದಿಂದ ನಡುವೆ ತಗ್ಗಾಗಿರುವುದು ಕಾಣುತ್ತದೆ. ದನ ನುಗ್ಗದಂತೆ, ಮನುಷ್ಯ ಮಾತ್ರ ಕಾಲೆತ್ತಿ ದಾಟುವಂತೆ ಕಟ್ಟಿದ ತಡಮೆ. ಅದರಾಚೆ ಒಮ್ಮೆಲೇ ತೆರೆದುಕೊಳ್ಳುವ ಪದವು. ಬಂಡೆಯ ಮೇಲೆ ಬೆರಳು ಮುಳುಗುವಷ್ಟು ನೀರು, ಅದರಲ್ಲಿ ನೇರಳೆ ಬಣ್ಣದ ಪುಟ್ಟ ಕಾಕ್ಕಪ್ಪೂಗಳ ಹಾಸು, ಓಣಂ ಹೂವಿನ ರಂಗೋಲಿಗೆ ಅವನ್ನು ಕೀಳುತ್ತಿರುವ ಮಕ್ಕಳು, ನೀರು ನಿಲ್ಲುವ ಪಳ್ಳದ ಬದಿಯಲ್ಲಿ ಮೇಯುವ ದನಗಳು. ಈ ನೀರೇ ನಿಧಾನವಾಗಿ ಇಂಗಿ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಬೇಸಿಗೆಗೆ ಹೊರಬರುತ್ತದೆ. ಪದವಿನ ಒಂದು ಮಗ್ಗುಲಿನಲ್ಲಿ ಕೆಂಪುಕಲ್ಲಿನ ಕೋರೆ ಶುರುವಾಯಿತೆಂದರೆ, ಯಂತ್ರ ಕೊಯ್ದುಹೋದ ಚೌಕಾಕಾರದ ಹೊಂಡಗಳಲ್ಲಿ ನೀರು ನಿಂತು, ಹಳೆಯ ಕಾಲುದಾರಿ ಅದರ ಅಂಚಿಗೆ ಬಂದು ತುಂಡಾಗಿರುತ್ತದೆ.

ಹಾಗೆ ತುಂಡಾದ ದಾರಿಗೆ ಕಾನೂನು ಏನು ಹೇಳುತ್ತದೆ? ನಮ್ಮ ನ್ಯಾಯಾಲಯಗಳು 19ನೇ ಶತಮಾನದಿಂದಲೇ ದಾರಿಗಳನ್ನು ಮೂರು ಬಗೆಯಾಗಿ ಕಂಡಿವೆ: ಒಂದು ಜಮೀನಿನವನಿಗೆ ಮಾತ್ರ ಸೇರಿದ ಖಾಸಗಿ ದಾರಿ, ಒಂದು ಊರಿನ ಅಥವಾ ಒಂದು ವರ್ಗದ ಜನರಿಗೆ ವಾಡಿಕೆಯಿಂದ ಬಂದ ದಾರಿ, ಎಲ್ಲರಿಗೂ ಮುಡಿಪಾದ ಸಾರ್ವಜನಿಕ ದಾರಿ. ಮೊದಲನೆಯದನ್ನು ಆಳುವುದು, ಪರರ ಜಮೀನಿನ ಮೇಲಿನ ಬಳಕೆಯ ಹಕ್ಕುಗಳನ್ನು ಕುರಿತ 1882ರ ಈಸ್‌ಮೆಂಟ್ ಕಾಯ್ದೆ. ಆರಂಭದಲ್ಲಿಯೇ ಮದ್ರಾಸು ಪ್ರಾಂತ್ಯಕ್ಕೆ ಅನ್ವಯವಾದ ಕಾಯ್ದೆಯಾದ್ದರಿಂದ ಕಾಸರಗೋಡಿಗೆ ಅದು ಹಳೆಯ ಪರಿಚಯ. ಅದರ 15ನೇ ಸೆಕ್ಷನ್ ಪ್ರಕಾರ ನೆರೆಯವನ ಜಮೀನಿನ ಮೂಲಕ 20 ವರ್ಷ, ಜಮೀನು ಸರಕಾರದ್ದಾದರೆ 30 ವರ್ಷ, ಬಹಿರಂಗವಾಗಿ, ತಂಟೆಯಿಲ್ಲದೆ, ಎಡೆಬಿಡದೆ, ಹಕ್ಕೆಂಬಂತೆ ನಡೆದಿದ್ದರೆ ದಾರಿಯ ಹಕ್ಕು ಸಿದ್ಧಿಸುತ್ತದೆ. ‘ಹಕ್ಕೆಂಬಂತೆ’ ಎಂಬಲ್ಲಿ ಒಂದು ತೊಡಕಿದೆ. ನೆರೆಯವರು ಬೇಲಿಯ ಬಳಿ ನಿಂತು “ಹೋಗಿ ಮಾರಾಯ್ರೆ, ಅಡ್ಡಿಯಿಲ್ಲ” ಎಂದು ಅನುಮತಿ ಕೊಟ್ಟು, ನೀವು ಆ ಅನುಮತಿಯ ಮೇಲೆಯೇ ನಡೆದಿದ್ದರೆ, ಎಷ್ಟು ವರ್ಷ ನಡೆದರೂ ಹಕ್ಕು ಹುಟ್ಟುವುದಿಲ್ಲ. ಸೌಜನ್ಯವೇ ಹೆಚ್ಚಾಗಿರುವ ಊರಿನಲ್ಲಿ ಹಕ್ಕು ಕಡಿಮೆಯಾಗಿರುತ್ತದೆ ಎಂಬ ವಿಚಿತ್ರ ಇದರಿಂದ ಬರುತ್ತದೆ. ಹಕ್ಕು ಸಿದ್ಧಿಸಿದ ಮೇಲೂ ನಿರಂತರ 20 ವರ್ಷ ಬಳಸದೆ ಬಿಟ್ಟರೆ ಅದು ನಶಿಸುತ್ತದೆ. ಮನೆಯಂಗಳಕ್ಕೆ ಡಾಮರು ರಸ್ತೆ ಬಂದ ಮೇಲೆ ಗುಡ್ಡೆಯ ಓಣಿಗಳು ಮುಳ್ಳು ಬೆಳೆದು ಮುಚ್ಚಿದ್ದನ್ನು ನೆನೆದರೆ ಎಷ್ಟು ಹಕ್ಕುಗಳು ಸದ್ದಿಲ್ಲದೆ ಹೋಗಿರಬಹುದೆಂದು ತಿಳಿಯುತ್ತದೆ.

ಕುಟುಂಬದ ಆಸ್ತಿ ಪಾಲಾಗುವಾಗ ಒಬ್ಬನ ಪಾಲಿಗೆ ಹೊರದಾರಿಯೇ ಇಲ್ಲದಿದ್ದರೆ, 13ನೇ ಸೆಕ್ಷನ್ನಿನ ಅನಿವಾರ್ಯತೆಯ ದಾರಿಯನ್ನು ಕೇಳಬಹುದು. ಬೇರೆ ದಾರಿಯಾದ ದಿನ ಅದು ಮುಗಿಯುತ್ತದೆ. 18ನೇ ಸೆಕ್ಷನ್ ವಾಡಿಕೆಯ ಹಕ್ಕುಗಳನ್ನು ಒಪ್ಪುತ್ತದೆ, ಊರ ಹುಲ್ಲುಗಾವಲಿನಲ್ಲಿ ದನ ಮೇಯಿಸುವುದನ್ನೇ ಅದಕ್ಕೆ ಉದಾಹರಣೆಯಾಗಿ ಕೊಡುತ್ತದೆ. ಇವೆಲ್ಲವುಗಳಲ್ಲಿ ಒಂದು ಸಮಾನ ಗುಣವಿದೆ: ಈ ಕಾನೂನು ನೋಡುವುದು ಇಲ್ಲಿಂದ ಅಲ್ಲಿಗೆ ಹೋಗುವ ಗೆರೆಯನ್ನು. ಬಯಲಿನಲ್ಲಿ ಮನಬಂದಂತೆ ತಿರುಗಾಡುವುದನ್ನು, ಇಂಗ್ಲೆಂಡಿನ 2000ದ ಕಾಯ್ದೆ ಕೊಟ್ಟಂಥದ್ದನ್ನು, ನಮ್ಮ ಯಾವ ಶಾಸನವೂ ಹಕ್ಕಾಗಿ ಬರೆದಿಲ್ಲ. ಸಂವಿಧಾನದ 19ನೇ ವಿಧಿಯ ಮುಕ್ತ ಸಂಚಾರದ ಸ್ವಾತಂತ್ರ್ಯ ದೇಶದ ಒಳಗೆ ತಡೆಯಿಲ್ಲದೆ ಓಡಾಡುವುದಕ್ಕೆ ಸಂಬಂಧಿಸಿದ್ದು. ಅದು ಪರರ ಜಮೀನನ್ನು ತೆರೆಯುವ ಕೀಲಿಕೈಯಲ್ಲ. ಅದೇ ವೇಳೆ, ಬೇಲಿಯಿಲ್ಲದ ಗುಡ್ಡೆಗೆ ಕಾಲಿಟ್ಟವನು ಅಪರಾಧಿಯೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ ಅತಿಕ್ರಮ ಪ್ರವೇಶಕ್ಕೆ ಅಪರಾಧ ಮಾಡುವ ಇಲ್ಲವೇ ಧಣಿಯನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶ ಬೇಕು.

ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಎತ್ತುತ್ತಾರೆ. ಊರ ಸಾಮೂಹಿಕ ಭೂಮಿ ಮೇವಿಗೆ, ಕಣಕ್ಕೆ, ಮಕ್ಕಳ ಆಟಕ್ಕೆ, ನೀರಿಗೆ, ದಾರಿಗೆ, ಶ್ಮಶಾನಕ್ಕೆ ಉಪಯೋಗವಾಗುತ್ತಿದ್ದುದನ್ನು ವಿವರಿಸಿ, ಅದನ್ನು ಒತ್ತುವರಿ ಮಾಡಿದವರನ್ನು ತೆರವುಗೊಳಿಸುವ ಯೋಜನೆ ರೂಪಿಸುವಂತೆ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ತೀರ್ಪಿನ ಮಹತ್ವ ದೊಡ್ಡದು. ಆದರೆ ಅದು ತಡೆಯುವುದು ಅಕ್ರಮ ಒತ್ತುವರಿಯನ್ನು. ಸರಕಾರವೇ ಕ್ರಮಬದ್ಧವಾಗಿ ಗುತ್ತಿಗೆ ಕೊಟ್ಟ ತರಿಸು ಗುಡ್ಡೆಯಲ್ಲಿ ನಡೆಯುವವನ ಕೈಗೆ ಅದರಿಂದ ಸಿಗುವುದು ಕಡಿಮೆ.

ಹಾಗಾದರೆ ದಾರಿ ಮುಚ್ಚಿದಾಗ ಮಾಡುವುದೇನು? ಮೊದಲು ಗ್ರಾಮಾಧಿಕಾರಿ ಕಚೇರಿಯಲ್ಲಿ ಆ ಸರ್ವೆ ನಂಬ್ರದ ನಕ್ಷೆಯನ್ನು ನೋಡಬೇಕು. ದಾರಿಗೆ ತನ್ನದೇ ಆದ ಉಪವಿಭಾಗ ನಂಬ್ರವಿದ್ದು ಮೂಲ ತೆರಿಗೆ ರಿಜಿಸ್ಟರಿನಲ್ಲಿ ಪುರಂಬೋಕು ಎಂದಿದ್ದರೆ ಪ್ರಕರಣ ಗಟ್ಟಿ. ಖಾಸಗಿ ನಂಬ್ರದ ಒಳಗೆ ಬರಿಯ ಚುಕ್ಕಿಗೆರೆಯಾಗಿ ತೋರಿಸಿದ್ದರೆ, ಅಳತೆ ಮಾಡಿದ ದಿನ ಅಲ್ಲೊಂದು ಕಾಲುದಾರಿ ಇತ್ತೆಂಬುದಕ್ಕೆ ಅದು ಸಾಕ್ಷಿಯಾಗುತ್ತದೆಯೇ ಹೊರತು ನೆಲ ಸಾರ್ವಜನಿಕವೆಂದಾಗುವುದಿಲ್ಲ. ಆಮೇಲೆ ಪಂಚಾಯತಿನ ಆಸ್ತಿ ರಿಜಿಸ್ಟರು: ಅದರಲ್ಲಿ ಸೇರಿದ ದಾರಿಗೆ ಪಂಚಾಯತು ಹಣ ಹಾಕಬಹುದು, ಅದನ್ನು ಕಾಯಬೇಕಾದದ್ದೂ ಪಂಚಾಯತೇ. ಜಗಳ ಹೊಡೆದಾಟಕ್ಕೆ ತಿರುಗುವಂತಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಸೆಕ್ಷನ್ನಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮಧ್ಯಪ್ರವೇಶಿಸಬಹುದು. ವರ್ಷವಿಡೀ ಬಳಸುವ ದಾರಿಯಾದರೆ ದೂರಿಗೆ ಮೊದಲಿನ ಮೂರು ತಿಂಗಳೊಳಗೆ, ಋತುವಿಗೊಮ್ಮೆ ಬಳಸುವ ದಾರಿಯಾದರೆ ಕಳೆದ ಋತುವಿನಲ್ಲಿ, ಅದನ್ನು ಬಳಸಿರಬೇಕೆಂಬ ಷರತ್ತಿದೆ. ಆದುದರಿಂದ ತಡಮೆಗೆ ಮುಳ್ಳುತಂತಿ ಬಿಗಿದಾಗ, ‘ಮಳೆ ಕಳೆಯಲಿ, ಆಮೇಲೆ ನೋಡೋಣ’ ಎನ್ನುವುದು ಜಾಣತನವಲ್ಲ.

2022ರ ನವೆಂಬರ್ 1ರಂದು ಕೇರಳದಲ್ಲಿ ಡಿಜಿಟಲ್ ಮರುಸರ್ವೆ ಆರಂಭವಾಯಿತು. ಅದರ ದಾಖಲೆಗಳನ್ನು ಒಟ್ಟುಗೂಡಿಸುವ ‘ಎಂಟೆ ಭೂಮಿ’ ಪೋರ್ಟಲ್ 2024ರ ಅಕ್ಟೋಬರ್‌ನಲ್ಲಿ ಮೊದಲು ಬಳಕೆಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರ್ ಗ್ರಾಮದಲ್ಲಿ. ಅಳತೆಯ ಕರಡನ್ನು ಭೂಮಾಲಿಕರು ಪರಿಶೀಲಿಸಿ ಆಕ್ಷೇಪ ಸಲ್ಲಿಸಲು ಅವಕಾಶವಿದೆ. ಈ ಏರ್ಪಾಡಿನಲ್ಲಿ ಮಾತಾಡುವವನು ಭೂಮಾಲಿಕ. ನಡೆಯುವವನಿಗೆ ನೋಟಿಸು ಬರುವುದಿಲ್ಲ, ಏಕೆಂದರೆ ಅವನ ಹೆಸರು ಯಾವ ತಂಡಪೇರಿನಲ್ಲಿಯೂ, ಅಂದರೆ ಭೂಮಾಲಿಕರ ಕಂದಾಯ ಖಾತೆಯಲ್ಲಿಯೂ, ಇಲ್ಲ. ಸರಕಾರಿ ತರಿಸಿನ ಮೇಲಿನ ಕಾಲುದಾರಿಯ ಪರವಾಗಿ ಕರಡು ನೋಡುವವರು ಯಾರು ಎಂಬ ಪ್ರಶ್ನೆಗೆ, ಇಂಗ್ಲೆಂಡಿನಲ್ಲಿ ಕಾಯ್ದೆಯೇ ಕಟ್ಟಿಕೊಟ್ಟ ಸ್ಥಳೀಯ ವೇದಿಕೆಯಂಥದ್ದು ಇಲ್ಲದ ನಮ್ಮಲ್ಲಿ, ಗ್ರಾಮಸಭೆ ಮತ್ತು ಪಂಚಾಯತು ಎಂಬ ಉತ್ತರ ಬಿಟ್ಟರೆ ಬೇರೆ ಇಲ್ಲ. ಗುಡ್ಡೆಯನ್ನೆಲ್ಲ ತಿರುಗಾಟಕ್ಕೆ ತೆರೆಯುವ ಶಾಸನ ಎಂದಾದರೂ ಬಂದರೆ, ಕೋರೆಯ ಹೊಂಡಗಳ ಹೊಣೆ, ನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭದ ಕಾಲ, ಒಣಹುಲ್ಲಿಗೆ ಬೆಂಕಿ ಬೀಳುವ ತಿಂಗಳುಗಳು ಇವನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದೀತು. ಸದ್ಯಕ್ಕೆ ಉಳಿಸಿಕೊಳ್ಳಬಹುದಾದದ್ದು ಗೆರೆಗಳನ್ನು. ವಾರ್ಡಿನ ಗ್ರಾಮಸಭೆಯಲ್ಲಿ ಮಂಡಿಸುವ ಮನವಿಯಲ್ಲಿ ದಾರಿ ಎಲ್ಲಿಂದ ಎಲ್ಲಿಗೆ, ಯಾವ ಸರ್ವೆ ನಂಬ್ರಗಳ ಮೂಲಕ, ಎಷ್ಟು ಅಗಲ, ಯಾವ ಮನೆಗಳವರು, ಯಾವ ಕಾಲದಲ್ಲಿ, ಯಾವುದಕ್ಕಾಗಿ, ಎಷ್ಟು ವರ್ಷಗಳಿಂದ ಬಳಸುತ್ತಿದ್ದಾರೆ ಎಂಬುದನ್ನು ಬರೆದು, ಆಸ್ತಿ ರಿಜಿಸ್ಟರಿಗೆ ಸೇರಿಸುವ ನಿರ್ಣಯವನ್ನೂ ಸರ್ವೆ ಕರಡಿಗೆ ಪಂಚಾಯತಿನ ಆಕ್ಷೇಪವನ್ನೂ ಬೇರೆಬೇರೆಯಾಗಿ ಕೇಳಬೇಕು. ಒಂದು ಕಚೇರಿಗೆ ಕೊಟ್ಟದ್ದು ಇನ್ನೊಂದು ಕಚೇರಿಗೆ ತಾನಾಗಿ ತಲುಪುವುದಿಲ್ಲ.